59 ಬಂದ್ರೂ ಫೇಲ್: ಇಂಜಿನಿಯರಿಂಗ್ ಮಾರ್ಕ್ಸ್ ಹಿಂದಿನ ಲೆಕ್ಕ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಮೆಸ್ಸಲ್ಲಿ ತಟ್ಟೆ ಮುಂದೆ ಕೂತಿರೋರಿಗೆ, ನಾಳೆ ಇಂಟರ್ನಲ್ಸ್ ಇಟ್ಕೊಂಡು ಇವತ್ತು ಪಾಡ್‌ಕಾಸ್ಟ್ ಕೇಳ್ತಿರೋ ಧೈರ್ಯವಂತರಿಗೆ, ಎಲ್ಲರಿಗೂ ಈ ಕಂತು. ನಾನು ಮಾತಾಡ್ತಿರೋದು ಬಳ್ಳಾರಿಯ ಪಾರ್ವತಿನಗರದಿಂದ. ಹಿಂದೆ ಆಟೋ ಸದ್ದು, ಪಕ್ಕದ ಮನೆ ಕುಕ್ಕರ್ ಸೀಟಿ ಕೇಳಿಸಬಹುದು. ಫ್ಯಾನ್ ಮಾತ್ರ ಆಫ್ ಮಾಡಿದ್ದೀನಿ. ಬಳ್ಳಾರಿಯಲ್ಲಿ ಫ್ಯಾನ್ ಆಫ್ ಮಾಡಿ ಅರ್ಧ ಗಂಟೆ ರೆಕಾರ್ಡ್ ಮಾಡೋದು ಅಂದ್ರೆ ಏನು ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ.

ಇವತ್ತಿನ ಕಂತು ಶುರುವಾಗಿದ್ದು ನಮ್ಮ ಮನೆ ಹಾಲ್‌ನಲ್ಲಿ. ನಮ್ಮ ಚಿಕ್ಕಮ್ಮ ಸಿರುಗುಪ್ಪದವರು. ಅವರ ಮಗ, ಅಂದ್ರೆ ನನ್ನ ತಮ್ಮ, ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದ್ತಿದ್ದಾನೆ. ಯಾವ ಕಾಲೇಜು, ಯಾವ ಊರು ಅಂತ ಹೇಳಲ್ಲ, ಕೇಳಬೇಡಿ. ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ದಿನ ತಾಯಿ ಮಗ ಇಬ್ಬರೂ ನಮ್ಮನೆಯಲ್ಲೇ ಇದ್ರು. ಸಂಜೆ ಹೊತ್ತು, ಒಗ್ಗರಣೆ ಮಿರ್ಚಿ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ತಮ್ಮ ಫೋನ್ ನೋಡ್ತಾ ನೋಡ್ತಾ ಸುಮ್ಮನಾದ. ಚಿಕ್ಕಮ್ಮ ಫೋನ್ ಕಸ್ಕೊಂಡು ನೋಡಿದ್ರು. ಎಲೆಕ್ಟ್ರಾನಿಕ್ಸ್ ಥಿಯರಿ ಪೇಪರ್. ಇಂಟರ್ನಲ್ 46, ಎಕ್ಸ್‌ಟರ್ನಲ್ 13, ಒಟ್ಟು 59. ಪಕ್ಕದಲ್ಲಿ ಎಫ್.

"ಐವತ್ತೊಂಬತ್ತು ಬಂದೈತಲ್ಲೋ. ಮತ್ಯಾಕ ಫೇಲ್ ಅಂತ ಹಾಕ್ಯಾರ?" ಅಂದ್ರು ಚಿಕ್ಕಮ್ಮ.

ಅವರ ಕಾಲದ ಲೆಕ್ಕದಲ್ಲಿ ಮೂವತ್ತೈದು ದಾಟಿದ್ರೆ ಪಾಸು. ತಮ್ಮ ಏನೂ ಹೇಳಲಿಲ್ಲ. ನಾನು ಬಿ.ಕಾಂ. ಇಂಜಿನಿಯರಿಂಗ್ ವಿಷಯಕ್ಕೆ ನನ್ನ ಬಾಯಿ ಹೋಗಲ್ಲ, ಆದ್ರೆ ಎರಡು ಅಂಕಿ ಹೊಂದಿಕೆ ಆಗಲಿಲ್ಲ ಅಂದ್ರೆ ನನಗೆ ನಿದ್ದೆ ಬರಲ್ಲ. ಒಂದೇ ಹುಡುಗ, ಒಂದೇ ಸಬ್ಜೆಕ್ಟು. ಒಂದು ಕಡೆ ಐವತ್ತಕ್ಕೆ ನಲವತ್ತಾರು, ಇನ್ನೊಂದು ಕಡೆ ಐವತ್ತಕ್ಕೆ ಹದಿಮೂರು. ಯಾವುದು ನಿಜ?

ಇದನ್ನು ಹಿಡ್ಕೊಂಡು ಮೂರು ನಾಲ್ಕು ವಾರ ಓಡಾಡಿದೆ, ಓದಿದೆ, ಒಬ್ಬ ಲೆಕ್ಚರರ್ ಮೇಡಂ ಹತ್ರ ಕೂತು ಕೇಳ್ಕೊಂಡೆ. ಸಿಕ್ಕಿದ್ದು ಹೇಳ್ತೀನಿ.

ಮೊದಲು ನಿಯಮ, ಬೇಗ ಮುಗಿಸೋಣ. ನನ್ನ ತಮ್ಮ ವಿಟಿಯುವಿನ 2022ರ ಸ್ಕೀಮ್‌ನವನು. ಅದರಲ್ಲಿ ಕಾಲೇಜಿನಲ್ಲೇ ನಡೆಯೋ ನಿರಂತರ ಆಂತರಿಕ ಮೌಲ್ಯಮಾಪನ, ಅಂದ್ರೆ ಸಿಐಇಗೆ 50. ಸೆಮಿಸ್ಟರ್ ಕೊನೆಗೆ ವಿಶ್ವವಿದ್ಯಾಲಯ ಮಾಡೋ ಪರೀಕ್ಷೆ, ಎಸ್‌ಇಇಗೆ 50. ಆ ಪರೀಕ್ಷೆ ಬರೆಯೋದು ನೂರಕ್ಕೆ, ಆಮೇಲೆ ಐವತ್ತಕ್ಕೆ ಇಳಿಸ್ತಾರೆ. ಪಾಸ್ ಆಗೋಕೆ ಸಿಐಇಯಲ್ಲಿ 20 ಬೇಕು, ಎಸ್‌ಇಇಯಲ್ಲಿ 18 ಬೇಕು, ಎರಡೂ ಸೇರಿ 40 ಬೇಕು. ಮೂರೂ ಬೇಕು. ತಮ್ಮನಿಗೆ ಎರಡು ಇತ್ತು, ನಡುವಿಂದು ಇರಲಿಲ್ಲ. ನೂರಕ್ಕೆ 26 ಬರೆದಿದ್ದ, ಅದು 13 ಆಯ್ತು.

ಈ ಐವತ್ತು ಐವತ್ತು ಮೊದಲಿಂದ ಇದ್ದಿದ್ದಲ್ಲ. ವಿಟಿಯು ಶುರುವಾಗಿದ್ದು 1998ರಲ್ಲಿ. ನಮ್ಮ ಬಳ್ಳಾರಿಯ ಆರ್‌ವೈಎಂಇಸಿ ಹುಟ್ಟಿದ್ದು 1980ರಲ್ಲಿ, ಬಿಐಟಿಎಂ 1997ರಲ್ಲಿ. ಎರಡಕ್ಕಿಂತ ವಿಟಿಯುನೇ ಚಿಕ್ಕದು. 2010ರ ಸ್ಕೀಮ್‌ನಲ್ಲಿ ಓದಿದ ಅಣ್ಣ ಅಕ್ಕಂದಿರನ್ನ ಕೇಳಿ, ಅವರಿಗೆ ಇಂಟರ್ನಲ್ 25, ಪರೀಕ್ಷೆ 100. 2015ರಲ್ಲಿ 20 ಮತ್ತು 80. 2018ರಲ್ಲಿ 40 ಮತ್ತು 60. 2021ರಿಂದ 50 ಮತ್ತು 50. ಹತ್ತು ಹನ್ನೊಂದು ವರ್ಷದಲ್ಲಿ ಕಾಲೇಜಿನ ಕೈಯಲ್ಲಿರೋ ಮಾರ್ಕ್ಸ್ ಐದರಲ್ಲಿ ಒಂದು ಪಾಲು ಇದ್ದದ್ದು ಅರ್ಧಕ್ಕೆ ಬಂತು.

ಇದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದೇ ದಿನ ಮೂರು ಗಂಟೆಯಲ್ಲಿ ಹುಡುಗನ ಹಣೆಬರಹ ಬರೆಯೋದಕ್ಕಿಂತ ಸೆಮಿಸ್ಟರ್ ಪೂರ್ತಿ ನೋಡ್ತಾ ಬರೋದು ಒಳ್ಳೆಯ ಯೋಚನೆ. ಜ್ವರ ಬಂದವನು, ಬಸ್ ತಪ್ಪಿಸ್ಕೊಂಡವನು ಬದುಕ್ತಾನೆ. ಆದ್ರೆ ಸೆಮಿಸ್ಟರ್ ಪೂರ್ತಿ ನಿಜವಾಗಲೂ ನೋಡಿದ್ರೆ ಮಾತ್ರ.

ತಮ್ಮನ 46 ಹೇಗೆ ಬಂತು ಅಂತ ಬಿಚ್ಚಿಸಿದೆ. ಥಿಯರಿ ಪೇಪರ್‌ನ ಸಿಐಇಯಲ್ಲಿ 25 ಟೆಸ್ಟ್‌ಗೆ, 25 ಅಸೈನ್‌ಮೆಂಟ್‌ಗೆ. ಅಸೈನ್‌ಮೆಂಟ್‌ಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. "ನೀನೇ ಬರೆದ್ಯಾ?" ಅಂದೆ. "ನಾನೇ ಬರೆದೆ ಅಕ್ಕ, ಕೈ ನೋವು ಬಂತು" ಅಂದ. ಕೈ ಅವನದೇ, ಸರಿ. ಉತ್ತರ ಗ್ರೂಪಿಗೆ ಬಂದ ಪಿಡಿಎಫ್‌ನದು. ಟೆಸ್ಟ್‌ಗೆ 21. ಟೆಸ್ಟಿಗೆ ನಾಲ್ಕು ದಿನ ಮುಂಚೆ ಕ್ವೆಶ್ಚನ್ ಬ್ಯಾಂಕ್ ಅಂತ ಹತ್ತು ಪ್ರಶ್ನೆ ಕೊಟ್ಟಿದ್ರಂತೆ. ಅದರೊಳಗೇ ಬಂತು. ಬಾಯಿಪಾಠ ಮಾಡಿ ಬ್ಲೂ ಬುಕ್ ತುಂಬಿಸಿದ.

ಇಲ್ಲಿ ನನ್ನ ಹಳೇ ಕೆಲಸ ನೆನಪಾಯ್ತು. ಬಿ.ಕಾಂ ಮುಗಿಸಿ ಎರಡು ವರ್ಷ ಇಲ್ಲೇ ಬಳ್ಳಾರಿಯಲ್ಲಿ ಒಂದು ಜೀನ್ಸ್ ಯೂನಿಟ್‌ನಲ್ಲಿ ಅಕೌಂಟ್ಸ್ ನೋಡ್ತಿದ್ದೆ. ಮಾರ್ಚ್ 31 ಬಂತು ಅಂದ್ರೆ ಸ್ಟಾಕ್ ಎಣಿಸಬೇಕು. ನನ್ನ ಪುಸ್ತಕದಲ್ಲಿ ಇಷ್ಟು ಪ್ಯಾಂಟ್ ಇದೆ ಅಂತ ಬರೆದಿರ್ತೀನಿ. ಗೋದಾಮಿಗೆ ಹೋಗಿ ಎಣಿಸಿದ್ರೆ ಕಡಿಮೆ ಇರುತ್ತೆ. ಯಾವಾಗಲೂ ಕಡಿಮೆನೇ ಇರುತ್ತೆ, ಜಾಸ್ತಿ ಇದ್ದದ್ದು ನಾನು ನೋಡಿಲ್ಲ. ನಮ್ಮ ಆಡಿಟರ್ ಪುಸ್ತಕಕ್ಕೂ ಗೋದಾಮಿಗೂ ಇರೋ ವ್ಯತ್ಯಾಸ ನೋಡಿದ ಕೂಡಲೇ ಪೆನ್ ಕೆಳಗಿಟ್ಟು "ಇದು ಎಲ್ಲಿ ಹೋಯ್ತು?" ಅಂತ ಕೇಳ್ತಿದ್ರು. ಉಳಿದ ಪುಟಗಳನ್ನ ಆಮೇಲೆ ನೋಡೋರು.

ನನ್ನ ತಮ್ಮನ ಪುಸ್ತಕದಲ್ಲಿ 46 ಇತ್ತು. ಗೋದಾಮಿನಲ್ಲಿ 13. ಎಲ್ಲಿ ಹೋಯ್ತು ಅಂತ ಕೇಳೋ ಆಡಿಟರ್ ಇಂಜಿನಿಯರಿಂಗ್‌ನಲ್ಲಿ ಇದ್ದಾರಾ?

ಇದ್ದಾರೆ. ಅವರ ಹೆಸರು ಎನ್‌ಬಿಎ. ರಾಷ್ಟ್ರೀಯ ಮಾನ್ಯತಾ ಮಂಡಳಿ. ಎಐಸಿಟಿಇ ಇದನ್ನ 1994ರಲ್ಲಿ ಶುರು ಮಾಡ್ತು, 2010ರ ಜನವರಿಯಲ್ಲಿ ಸ್ವಾಯತ್ತ ಸಂಸ್ಥೆ ಆಯ್ತು. ನ್ಯಾಕ್ ಬೇರೆ, ಇದು ಬೇರೆ. ನ್ಯಾಕ್ ಇಡೀ ಕಾಲೇಜನ್ನ ನೋಡುತ್ತೆ. ಎನ್‌ಬಿಎ ಒಂದೊಂದು ಬ್ರ್ಯಾಂಚನ್ನ ನೋಡುತ್ತೆ. ಹಾಗಾಗಿ ಕಾಲೇಜಿನ ಬೋರ್ಡ್ ಮೇಲೆ ಎನ್‌ಬಿಎ ಅಂತ ದೊಡ್ಡಕ್ಕೆ ಬರೆದಿದ್ರೆ "ಯಾವ ಬ್ರ್ಯಾಂಚ್‌ಗೆ, ಯಾವ ವರ್ಷದ ತನಕ?" ಅಂತ ಕೇಳಬೇಕು. ಕೌನ್ಸೆಲಿಂಗ್ ಟೈಮಲ್ಲಿ ಇದನ್ನ ಕೇಳೋ ಅಪ್ಪ ಅಮ್ಮ ಎಷ್ಟು ಜನ ಇದ್ದಾರೋ.

ಇದರ ಹಿಂದೆ ಒಂದು ದೊಡ್ಡ ಒಪ್ಪಂದ ಇದೆ, ವಾಷಿಂಗ್ಟನ್ ಅಕಾರ್ಡ್. 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಸೇರಿ ಮಾಡ್ಕೊಂಡಿದ್ದು. ನಿಮ್ಮಲ್ಲಿ ಮಾನ್ಯತೆ ಪಡೆದ ಡಿಗ್ರಿಯನ್ನ ನಾವು ನಮ್ಮಲ್ಲಿನ ಡಿಗ್ರಿಗೆ ಸಮ ಅಂತ ಒಪ್ತೀವಿ, ನಮ್ಮದನ್ನ ನೀವು ಒಪ್ಪಿ, ಇಷ್ಟೇ ವಿಷಯ. ಭಾರತ 2007ರಲ್ಲಿ ತಾತ್ಕಾಲಿಕ ಸದಸ್ಯ ಆಯ್ತು, 2014ರ ಜೂನ್‌ನಲ್ಲಿ ಪೂರ್ಣ ಸದಸ್ಯ. ಒಂದು ಕಿವಿಮಾತು: ಎನ್‌ಬಿಎಯಲ್ಲಿ ಟಯರ್ 1, ಟಯರ್ 2 ಅಂತ ಎರಡಿದೆ. ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಟಯರ್ 1. ವಿಟಿಯು ಸಿಲಬಸ್, ವಿಟಿಯು ಪ್ರಶ್ನೆಪತ್ರಿಕೆ ಇಟ್ಕೊಂಡು ನಡೆಯೋ ಸಂಯೋಜಿತ ಕಾಲೇಜುಗಳಿಗೆ ಟಯರ್ 2. ವಾಷಿಂಗ್ಟನ್ ಅಕಾರ್ಡ್ ಅನ್ವಯ ಆಗೋದು ಟಯರ್ 1ಕ್ಕೆ ಮಾತ್ರ. ಹೊರದೇಶದ ಕನಸು ಇರೋರು ಇದನ್ನ ಈಗಲೇ ನೋಡ್ಕೊಳ್ಳಿ.

ಇನ್ನು ಎನ್‌ಬಿಎ ಏನು ಕೇಳುತ್ತೆ? ಎಷ್ಟು ಕ್ಲಾಸ್ ತಗೊಂಡ್ರಿ, ಎಷ್ಟು ಬೆಂಚ್ ಇದೆ ಅನ್ನೋದು ಇದ್ದೇ ಇದೆ. ಮುಖ್ಯ ಪ್ರಶ್ನೆ ಬೇರೆ. ಈ ಹುಡುಗಿ ಈ ಪೇಪರ್ ಮುಗಿಸಿದ ಮೇಲೆ ಏನು ಮಾಡಬಲ್ಲಳು? ಅದನ್ನ ಮೊದಲೇ ಬರೆದಿಡಿ. ಒಂದು ಪೇಪರ್‌ಗೆ ನಾಲ್ಕೈದು. ಅದಕ್ಕೆ ಕೋರ್ಸ್ ಔಟ್‌ಕಮ್, ಸಿಒ ಅಂತಾರೆ. ನಾಲ್ಕು ವರ್ಷ ಮುಗಿದ ಮೇಲೆ ಇಡೀ ಡಿಗ್ರಿಯಿಂದ ಏನು ಬಂದಿರಬೇಕು ಅನ್ನೋದು ಪ್ರೋಗ್ರಾಂ ಔಟ್‌ಕಮ್, ಪಿಒ. ವರ್ಷಗಟ್ಟಲೆ ಇವು 12 ಇದ್ದವು, ಇತ್ತೀಚಿನ ನಮೂನೆಯಲ್ಲಿ 11 ಆಗಿವೆ. ಪರೀಕ್ಷೆ ಆದ ಮೇಲೆ ಅಳತೆ ಮಾಡಿ. ಗುರಿ ಮುಟ್ಟಿಲ್ಲ ಅಂದ್ರೆ ಏನು ಮಾಡ್ತೀರಿ ಬರೆದು, ಮಾಡಿ, ಮುಂದಿನ ವರ್ಷ ತೋರಿಸಿ. ಮುಟ್ಟಿದ್ರೆ ಗುರಿ ಎತ್ತರಿಸಿ. ಇದಕ್ಕೆ ಅವರು ಇಟ್ಟ ಹೆಸರು ನಿರಂತರ ಸುಧಾರಣೆ.

ವಿಟಿಯು ಪ್ರಶ್ನೆಪತ್ರಿಕೆ ಕೈಲಿದ್ರೆ ಈಗ ನೋಡಿ. ಬಲಗಡೆ ಮೂರು ಸಣ್ಣ ಕಾಲಂ ಇದೆ. ಎಂ, ಎಲ್, ಸಿ. ಎಂ ಅಂದ್ರೆ ಮಾರ್ಕ್ಸ್, ಅದೊಂದೇ ನಾವೆಲ್ಲ ನೋಡೋದು. ಎಲ್ ಅಂದ್ರೆ ಬ್ಲೂಮ್ ಲೆವೆಲ್, ನೆನಪಿಟ್ಟು ಬರೆಯೋದು ಎಲ್1, ಅರ್ಥ ಮಾಡ್ಕೊಂಡು ಬರೆಯೋದು ಎಲ್2, ಬಳಸಿ ತೋರಿಸೋದು ಎಲ್3, ಹೀಗೆ ಆರರ ತನಕ. 1956ರಲ್ಲಿ ಬೆಂಜಮಿನ್ ಬ್ಲೂಮ್ ಅನ್ನೋ ಅಮೆರಿಕದ ಶಿಕ್ಷಣ ತಜ್ಞರು ಮತ್ತು ಅವರ ಜೊತೆಗಾರರು ಮಾಡಿದ ಏಣಿ, 2001ರಲ್ಲಿ ಪರಿಷ್ಕರಣೆ ಆಯ್ತು. ಸಿ ಅಂದ್ರೆ ಆ ಪ್ರಶ್ನೆ ಯಾವ ಸಿಒ ಅಳೀತಿದೆ ಅಂತ. ನನ್ನ ತಮ್ಮ ಒಂದು ಸೆಮಿಸ್ಟರ್ ಪೂರ್ತಿ ಆ ಕಾಲಂಗಳನ್ನ ಪ್ರಿಂಟಿಂಗ್ ಕೋಡ್ ಅಂತ ಅಂದ್ಕೊಂಡಿದ್ದ.

ಈಗ ಲೆಕ್ಕಕ್ಕೆ ಬರ್ತೀನಿ. ಕಾಮರ್ಸ್‌ನವರು ಮುಂದೆ ಬನ್ನಿ, ಇದು ನಮ್ಮ ಜಾಗ.

ಎನ್‌ಬಿಎ ಕೈಪಿಡಿಯಲ್ಲಿ ಉದಾಹರಣೆಗೆ ಅಂತ ಒಂದು ವಿಧಾನ ಇದೆ. ಗುರಿ ಅಂಕ ದಾಟಿದ ಮಕ್ಕಳು ಶೇಕಡ 60 ಇದ್ರೆ ಮಟ್ಟ 1, 70 ಇದ್ರೆ ಮಟ್ಟ 2, 80 ಇದ್ರೆ ಮಟ್ಟ 3. ಇಂಟರ್ನಲ್‌ಗೆ ಒಂದು ಮಟ್ಟ ಬರುತ್ತೆ, ವಿಶ್ವವಿದ್ಯಾಲಯದ ಪರೀಕ್ಷೆಗೆ ಒಂದು ಮಟ್ಟ ಬರುತ್ತೆ. ಆ ಉದಾಹರಣೆಯಲ್ಲಿ ಪರೀಕ್ಷೆಗೆ 80 ತೂಕ, ಇಂಟರ್ನಲ್‌ಗೆ 20 ತೂಕ.

ಒಂದು ಕ್ಲಾಸ್ ಅಂದ್ಕೊಳ್ಳಿ, ಅರವತ್ತು ಮಕ್ಕಳು. ಇಂಟರ್ನಲ್ಸ್‌ನಲ್ಲಿ 50 ಜನ ಗುರಿ ದಾಟಿದ್ರು, ಅಂದ್ರೆ ಶೇಕಡ 83, ಮಟ್ಟ 3. ಪರೀಕ್ಷೆಯಲ್ಲಿ 38 ಜನ ದಾಟಿದ್ರು, ಶೇಕಡ 63, ಮಟ್ಟ 1. ಇಪ್ಪತ್ತು ಎಂಬತ್ತು ತೂಕ ಹಾಕಿದ್ರೆ 0.6 ಕೂಡಿಸು 0.8, ಉತ್ತರ 1.4. ಈಗ ಸಿಐಇ 50, ಎಸ್‌ಇಇ 50 ಆಯ್ತಲ್ಲ ಅಂತ ತೂಕವನ್ನೂ ಐವತ್ತು ಐವತ್ತು ಮಾಡಿದ್ರೆ 1.5 ಕೂಡಿಸು 0.5, ಉತ್ತರ 2. ವಿಭಾಗ ಇಟ್ಕೊಂಡ ಗುರಿ 1.5 ಅಂದ್ಕೊಳ್ಳಿ. ಮೊದಲ ಲೆಕ್ಕದಲ್ಲಿ ಗುರಿ ಮುಟ್ಟಿಲ್ಲ, ಏನಾದ್ರೂ ಮಾಡಬೇಕು. ಎರಡನೇ ಲೆಕ್ಕದಲ್ಲಿ ಗುರಿ ಮುಟ್ಟಿ ಆಯ್ತು, ಫೈಲ್ ಕಟ್ಟಿಡಿ. ಅದೇ ಅರವತ್ತು ಮಕ್ಕಳು, ಅದೇ ಉತ್ತರ ಪತ್ರಿಕೆ, ಅಲ್ಲಿ 22 ಜನ ಗುರಿ ದಾಟಿಲ್ಲ ಅನ್ನೋದೂ ಅದೇ.

ಇನ್ನೊಂದು ವಿಷಯ ಕೇಳಿ ನಾನು ಪೆನ್ ಕೆಳಗಿಟ್ಟೆ. ಗುರಿ ಯಾರು ಇಡೋದು? ವಿಭಾಗವೇ. ಮೊಬೈಲ್ ಅಂಗಡಿ ಸೇಲ್ಸ್ ಹುಡುಗನಿಗೆ "ಈ ತಿಂಗಳ ಟಾರ್ಗೆಟ್ ನೀನೇ ಬರ್ಕೋ" ಅಂದ್ರೆ ಎಷ್ಟು ಬರ್ಕೊಳ್ತಾನೆ? ನಾನಾದ್ರೂ ಅಷ್ಟೇ ಬರ್ಕೊಳ್ತೀನಿ. ನ್ಯಾಯವಾಗಿ ಹೇಳಬೇಕಂದ್ರೆ, ಎನ್‌ಬಿಎ ತಂಡ ಬಂದಾಗ ಈ ಗುರಿ ಯಾಕೆ, ಈ ತೂಕ ಯಾಕೆ ಅಂತ ಕೇಳ್ತಾರೆ. ಉತ್ತರ ಇರಬೇಕು. ಆದ್ರೆ ಅವರು ಬರೋದು ಮೂರು ವರ್ಷಕ್ಕೋ ಆರು ವರ್ಷಕ್ಕೋ ಒಮ್ಮೆ.

ನಮ್ಮ ಬೀದಿಯಲ್ಲೇ ಇರೋ ಮೇಡಂ ಒಬ್ಬರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡ್ತಾರೆ. ಹೆಸರು ಬೇಡ ಅಂದ್ರು, ಕಾಲೇಜ್ ಹೆಸರಂತೂ ಬೇಡವೇ ಬೇಡ ಅಂದ್ರು. ಒಂದು ಭಾನುವಾರ ಅವರ ಮನೆಯಲ್ಲಿ ಕೂತು ಮಾತಾಡಿದೆ. ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ತೋರಿಸಿದ್ರು. ಒಂದೊಂದು ಮಗುವಿನ ಒಂದೊಂದು ಟೆಸ್ಟಿನ ಒಂದೊಂದು ಉಪಪ್ರಶ್ನೆಯ ಮಾರ್ಕ್ಸ್. ಅಡ್ಡಡ್ಡ ಸರಿಸ್ತಾ ಹೋದ್ರೆ ಮುಗಿಯೋದೇ ಇಲ್ಲ.

"ಇದನ್ನ ತುಂಬೋದ್ರಲ್ಲೇ ರಜೆ ಹೋಗುತ್ತೆ ನೋಡಮ್ಮ" ಅಂದ್ರು. "ತುಂಬೋದಕ್ಕೆ ಬೇಜಾರಿಲ್ಲ. 1.2 ಅಂತ ನಿಜ ಬರೆದ್ರೆ ಯಾಕೆ ಕಡಿಮೆ ಅಂತ ನನ್ನನ್ನೇ ಕೇಳ್ತಾರೆ. ಕ್ರಮ ಏನು, ಫೋಟೋ ಎಲ್ಲಿ, ಹಾಜರಿ ಎಲ್ಲಿ ಅಂತಾರೆ. 2.4 ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ."

ಇದು ಅವರೊಬ್ಬರ ಮಾತು, ಎಲ್ಲ ಕಡೆ ಹೀಗೇ ಅಂತ ನಾನು ಹೇಳಲ್ಲ. ಆದ್ರೆ ಯೋಚನೆ ಮಾಡಿ. ಇಷ್ಟು ವರ್ಷ ಬಳಕೆಯಲ್ಲಿದ್ದ ಟಯರ್ 2 ನಮೂನೆಯಲ್ಲಿ ಒಟ್ಟು 1000 ಅಂಕ. ಅದರಲ್ಲಿ ನಿರಂತರ ಸುಧಾರಣೆ ಅನ್ನೋ ಭಾಗಕ್ಕೆ 50. ಬೋಧಕರ ಮಾಹಿತಿಗೆ 200, ಆಡಳಿತ ಹಣಕಾಸಿಗೆ 120. ತಪ್ಪು ಹುಡುಕಿ ತಿದ್ದಿದೆವು ಅಂತ ತೋರಿಸೋ ಜಾಗಕ್ಕೆ ಸಾವಿರಕ್ಕೆ ಐವತ್ತು ಇಟ್ಟರೆ, ಕಾಲೇಜು ಎಲ್ಲಿ ಬೆವರು ಸುರಿಸುತ್ತೆ ಅಂತ ಊಹಿಸೋಕೆ ಆಡಿಟರ್ ಬೇಕಿಲ್ಲ.

ಆದ್ರೆ ಅದೇ ಮೇಡಂ ಇನ್ನೊಂದು ಕತೆ ಹೇಳಿದ್ರು, ಅದಕ್ಕೇ ಈ ಕಂತು ಬರೀ ಬೈಗುಳ ಆಗಲಿಲ್ಲ. ಅವರು ಸಿ ಪ್ರೋಗ್ರಾಮಿಂಗ್ ಪಾಠ ಮಾಡ್ತಾರೆ. ಒಂದು ವರ್ಷ ಪಾಯಿಂಟರ್ಸ್ ಇರೋ ಸಿಒ ಮಾತ್ರ ಕುಸಿದಿತ್ತು. ಎಲ್ಲರೂ ಹೇಳೋ ಹಾಗೆ "ಪಾಯಿಂಟರ್ಸ್ ಕಷ್ಟ, ಎಕ್ಸ್‌ಟ್ರಾ ಕ್ಲಾಸ್ ತಗೊಂಡೆವು" ಅಂತ ಬರೆದು ಬಿಡಬಹುದಿತ್ತು. ಇವರು ಬ್ಲೂ ಬುಕ್‌ಗಳನ್ನ ಮತ್ತೆ ತೆಗೆದು ಕೂತರಂತೆ. ಒಂದು ಹುಡುಗಿ, ಕುರುಗೋಡು ಕಡೆ ಹಳ್ಳಿಯಿಂದ ಬಂದವಳು, ಹತ್ತರ ತನಕ ಕನ್ನಡ ಮಾಧ್ಯಮ. ಪ್ರಶ್ನೆಯಲ್ಲಿ 'ಇಲಸ್ಟ್ರೇಟ್' ಅಂತ ಇತ್ತು. ಅವಳು ಪಾಯಿಂಟರ್‌ನ ವ್ಯಾಖ್ಯೆ ಬರೆದು, ಕೆಳಗೆ ಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗಿದ್ದಳು. ಕರೆದು ಕೇಳಿದ್ರೆ ಬೋರ್ಡ್ ಮೇಲೆ ಡಬ್ಬಿ ಬರೆದು, ಬಾಣ ಹಾಕಿ, ಕನ್ನಡದಲ್ಲಿ ಚೆನ್ನಾಗಿ ವಿವರಿಸಿದಳಂತೆ. "ಮತ್ತೆ ಯಾಕಮ್ಮ ಬರೀಲಿಲ್ಲ?" ಅಂದ್ರೆ, "ಉದಾಹರಣೆ ಬರೀಬೇಕು ಅಂತ ಗೊತ್ತಾಗ್ಲಿಲ್ಲ ಮೇಡಂ."

ಅವಳೊಬ್ಬಳೇ ಅಲ್ಲ. ಡಿಫರೆನ್ಷಿಯೇಟ್, ಜಸ್ಟಿಫೈ, ಡಿರೈವ್, ಈ ಕ್ರಿಯಾಪದಗಳ ಮುಂದೆ ತುಂಬಾ ಮಕ್ಕಳು ಮುಗ್ಗರಿಸಿದ್ರು. ಮೇಡಂ ಮುಂದಿನ ವರ್ಷ ಮೊದಲ ವಾರದಲ್ಲಿ ಒಂದು ಗಂಟೆ ಬರೀ ಅದಕ್ಕೇ ಇಟ್ಟರು. ಪ್ರಶ್ನೆಯಲ್ಲಿ ಯಾವ ಪದ ಬಂದ್ರೆ ಏನು ಬರೀಬೇಕು, ಕನ್ನಡದಲ್ಲಿ ಒಂದು, ಬೇಕಾದವರಿಗೆ ತೆಲುಗಿನಲ್ಲಿ ಒಂದು ಪದ. ಬಳ್ಳಾರಿ ಕಡೆ ಕ್ಲಾಸ್ ಅಂದ್ರೆ ಎರಡೂ ಬೇಕಾಗುತ್ತೆ. ಇಂಜಿನಿಯರಿಂಗನ್ನ ಭಾರತೀಯ ಭಾಷೆಗಳಲ್ಲಿ ಕಲಿಸಬಹುದು ಅಂತ ಎಐಸಿಟಿಇ 2021ರಲ್ಲಿ ಅವಕಾಶ ಕೊಟ್ಟಿದೆ. ಅದರ ವಾದ ವಿವಾದ ಇನ್ನೊಂದು ಕಂತಿಗೆ. ಈ ಮೇಡಂ ಯಾರ ಆದೇಶಕ್ಕೂ ಕಾಯಲಿಲ್ಲ, ಎಕ್ಸೆಲ್ ಶೀಟಿನ ಒಂದು ಕೆಂಪು ಚೌಕವನ್ನ ಹಿಡ್ಕೊಂಡು ಒಂದು ಹುಡುಗಿಯ ತನಕ ಹೋದ್ರು.

"ಇದನ್ನ ಫೈಲ್‌ನಲ್ಲಿ ಹೇಗೆ ಬರೆದ್ರಿ?" ಅಂತ ಕೇಳಿದೆ. ನಕ್ಕು ಅಂದ್ರು, "ರೆಮಿಡಿಯಲ್ ಕ್ಲಾಸ್ ಕಂಡಕ್ಟೆಡ್ ಅಂತ. ಅದಕ್ಕೆ ಒಂದೇ ಸಾಲಿನ ಜಾಗ ಇತ್ತು."

ಸರಿ, ಮೇಷ್ಟ್ರು, ಕಾಲೇಜು, ಎನ್‌ಬಿಎ ಆಯ್ತು. ಈಗ ನಮ್ಮ ಕಡೆ ತಿರುಗೋಣ.

ಈ ಅಳತೆಯಲ್ಲಿ ಮಾರ್ಕ್ಸ್ ಒಂದು ಭಾಗ, ಸರ್ವೇ ಇನ್ನೊಂದು ಭಾಗ. ಸೆಮಿಸ್ಟರ್ ಕೊನೆಗೆ ಗೂಗಲ್ ಫಾರ್ಮ್ ಬರುತ್ತಲ್ಲ, ಕೋರ್ಸ್ ಎಕ್ಸಿಟ್ ಸರ್ವೇ ಅಂತ, ಒಂದರಿಂದ ಐದರ ತನಕ ಒತ್ತಿ ಅಂತಾರಲ್ಲ, ಅದೇ. ತಮ್ಮನ ಫೋನಿನಲ್ಲಿ ಹುಡುಕಿಸಿದೆ. ಫಾರ್ಮ್ ತುಂಬಿದ ಪ್ರತಿ ಅವನ ಮೇಲ್‌ಗೆ ಬಂದಿತ್ತು. ನಾಲ್ಕನೇ ಸಾಲು: ಆಪ್ ಆಂಪ್ ಸರ್ಕ್ಯೂಟ್‌ಗಳನ್ನ ವಿಶ್ಲೇಷಣೆ ಮಾಡಬಲ್ಲೆ. ಐದಕ್ಕೆ ಐದು.

"ಬರುತ್ತಾ ನಿನಗೆ?" ಅಂದೆ.

"ಇಲ್ಲ ಅಕ್ಕ. ಅವತ್ತು ಲ್ಯಾಬ್ ರೆಕಾರ್ಡ್ ಸೈನ್ ಆಗ್ಬೇಕಿತ್ತು. ಎರಡು ನಿಮಿಷದಾಗ ಎಲ್ಲದಕ್ಕೂ ಐದು ಒತ್ತಿ ಬಿಟ್ಟೆ. ಎಲ್ರೂ ಹಂಗೇ ಮಾಡಿದ್ರು."

ಬೈಯೋಕೆ ಹೋದೆ, ನಾಲಿಗೆ ತಡೀತು. ನಾನೂ ಡಿಗ್ರಿಯಲ್ಲಿ ಹೀಗೇ ಒತ್ತಿದ್ದೀನಿ. ಕಡಿಮೆ ಕೊಟ್ರೆ ಯಾರು ಕೊಟ್ಟಿದ್ದು ಅಂತ ಗೊತ್ತಾಗುತ್ತೆ ಅನ್ನೋ ಭಯ ಒಂದು, ಕೊಟ್ರೂ ಏನೂ ಆಗಲ್ಲ ಅನ್ನೋ ಅಸಡ್ಡೆ ಇನ್ನೊಂದು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆಯೋ ಅವರಿಗೇ ಮೇಲ್ ಐಡಿ ಹಾಕಿ ಅಭಿಪ್ರಾಯ ಕೊಡು ಅಂದ್ರೆ ಹದಿನೆಂಟರ ಹುಡುಗ ಇನ್ನೇನು ಕೊಡ್ತಾನೆ? ಹೆಸರಿಲ್ಲದೆ ತುಂಬೋ ಹಾಗೆ ಮಾಡಿ, ರೆಕಾರ್ಡ್ ಸೈನ್‌ಗೂ ಫಾರ್ಮ್‌ಗೂ ಇರೋ ನಂಟು ಕಡಿದು ಹಾಕಿ. ಇದಕ್ಕೆ ದುಡ್ಡೂ ಖರ್ಚಾಗಲ್ಲ. ಈ ಕಂತು ಕೇಳ್ತಿರೋ ಮೇಷ್ಟ್ರು ಯಾರಾದ್ರೂ ಇದ್ರೆ ಇದೊಂದು ಬೇಡಿಕೆ.

ಆದ್ರೆ ಪರಿಣಾಮ ನೋಡಿ. ಆಪ್ ಆಂಪ್ ಬರಲ್ಲ ಅನ್ನೋ ಸುದ್ದಿ ಕಾಲೇಜಿಗೆ ತಲುಪೋಕೆ ಮೂರು ದಾರಿ ಇತ್ತು. ಅಸೈನ್‌ಮೆಂಟ್, ಟೆಸ್ಟ್, ಸರ್ವೇ. ಮೂರರಲ್ಲೂ ಬರುತ್ತೆ ಅಂತಾನೇ ಬರೆದಿತ್ತು. ಮೂರರಲ್ಲೂ ಅವನದೇ ಕೈಬರಹ, ಅವನದೇ ಬೆರಳು.

ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಚೆಕ್ಕಿಂಗ್ ಟೇಬಲ್ ಅಂತ ಇತ್ತು. ಹೊಲಿಗೆ ಬಿಟ್ಟ ಪ್ಯಾಂಟ್ ಸಿಕ್ಕರೆ ಅಲ್ಲಿ ಕೂತಿರೋ ಅಕ್ಕ ಒಂದು ಸ್ಟಿಕ್ಕರ್ ಅಂಟಿಸಿ, ಯಾವ ಮೆಷಿನ್‌ನಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸ್ತಿದ್ರು. ಅದೇ ದಿನ. ಸೂಜಿ ಮೊಂಡಾಗಿದ್ರೆ ಬದಲಾಯಿಸ್ತಾರೆ, ಅದೇ ಪ್ಯಾಂಟ್ ಸರಿಯಾಗಿ ಹೋಗುತ್ತೆ. ಡೆಮಿಂಗ್ ಅನ್ನೋರು 1950ರಲ್ಲಿ ಜಪಾನಿಗೆ ಹೋಗಿ ಗುಣಮಟ್ಟದ ಬಗ್ಗೆ ಉಪನ್ಯಾಸ ಕೊಟ್ಟ ಕತೆ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಎಲ್ಲರೂ ಓದಿರ್ತೀರಿ. ಯೋಜಿಸು, ಮಾಡು, ಪರೀಕ್ಷಿಸು, ತಿದ್ದು, ಮತ್ತೆ ಯೋಜಿಸು ಅನ್ನೋ ಚಕ್ರ. ಚೆಕ್ಕಿಂಗ್ ಟೇಬಲ್ ಅಕ್ಕ ಡೆಮಿಂಗ್ ಹೆಸರು ಕೇಳಿರಲಿಲ್ಲ, ಚಕ್ರ ಮಾತ್ರ ದಿನಕ್ಕೆ ನೂರು ಸಲ ತಿರುಗಿಸ್ತಿದ್ರು.

ಇಂಜಿನಿಯರಿಂಗ್‌ನಲ್ಲಿ ಈ ಪೂರ್ತಿ ಲೆಕ್ಕ ಆಗೋದು ರಿಸಲ್ಟ್ ಬಂದ ಮೇಲೆ. ಅಷ್ಟೊತ್ತಿಗೆ ತಪ್ಪಿದ ಬ್ಯಾಚ್ ಮುಂದಿನ ಸೆಮಿಸ್ಟರ್‌ನಲ್ಲಿ ಇರುತ್ತೆ. ಸುಧಾರಣೆ ಆದ್ರೆ ಅದು ಜೂನಿಯರ್‌ಗಳಿಗೆ. ಸೀನಿಯರ್ ಬಿದ್ದ ಗುಂಡಿಯನ್ನ ಅವನು ದಾಟಿ ಹೋದ ಮೇಲೆ ಮುಚ್ಚೋದು. ಅದೇ ದಿನ ವಾಪಸ್ ಕಳಿಸೋ ಟೇಬಲ್ ನಮ್ಮಲ್ಲಿ ಇಲ್ವಾ? ಇದೆ. ಮೊದಲ ಇಂಟರ್ನಲ್ ಟೆಸ್ಟ್. ವಿಟಿಯು 2022ರ ಸ್ಕೀಮ್ ಪ್ರಕಾರ ಅದು ನಡೆಯಬೇಕಾದ್ದು ಸಿಲಬಸ್ ನಲವತ್ತು ಐವತ್ತು ಶೇಕಡ ಆದಾಗ. ಅರ್ಧ ಸೆಮಿಸ್ಟರ್ ಬಾಕಿ ಇರುತ್ತೆ, ಮೇಷ್ಟ್ರೂ ಅಲ್ಲೇ ಇರ್ತಾರೆ, ಹುಡುಗನೂ ಅಲ್ಲೇ ಇರ್ತಾನೆ. ಅವತ್ತು ಕ್ವೆಶ್ಚನ್ ಬ್ಯಾಂಕ್ ಕೊಡದೆ ಪ್ರಶ್ನೆ ಕೇಳಿದ್ರೆ, ನನ್ನ ತಮ್ಮನಿಗೆ 21ರ ಬದಲು 8 ಬಂದಿದ್ರೆ, ಚಿಕ್ಕಮ್ಮ ಅವತ್ತೇ ಬೈದಿರೋರು, ಅವನು ಅವತ್ತೇ ಕೂತಿರೋನು. ಸಿಐಇಯಲ್ಲಿ 20 ಬರದಿದ್ರೆ ಪರೀಕ್ಷೆಗೇ ಕೂರಿಸಲ್ಲ ಅನ್ನೋ ಭಯ ಎಲ್ಲರಿಗೂ ಇದೆ. ಮಕ್ಕಳ ಮೇಲೆ ಕರುಣೆ ತೋರಿಸಿ ಕೊಡ್ತಾರೆ. ಆ ಕರುಣೆ ತಮ್ಮನಿಗೆ ಒಂದು ಪೇಪರ್ ಬಾಕಿ ಉಳಿಸ್ತು.

ಸ್ವಾಯತ್ತ ಕಾಲೇಜುಗಳ ವಿಷಯ ಕೇಳ್ತೀರಿ ಅಂತ ಗೊತ್ತು. ಅಲ್ಲಿ ಕೊನೇ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕಾಲೇಜಿನ ಮೂಲಕವೇ. ಪುಸ್ತಕ ಬರೆಯೋರೂ ಗೋದಾಮು ಎಣಿಸೋರೂ ಒಂದೇ ಮನೆಯವರು. ಚೆನ್ನಾಗಿ ನಡೆಸೋ ಕಡೆ ಇದರಿಂದ ಲಾಭವೇ, ಸಿಲಬಸ್ ಬೇಗ ಬದಲಾಯಿಸಬಹುದು. ನಡೆಸದ ಕಡೆ ನಾಲ್ಕನೇ ವರ್ಷ ಕಂಪನಿಯ ಮೊದಲ ಆನ್‌ಲೈನ್ ಟೆಸ್ಟ್ ಗೋದಾಮು ಎಣಿಸುತ್ತೆ. ಅದು ತುಂಬಾ ತಡ.

ತಮ್ಮ ಏನು ಮಾಡಿದ ಅಂತ ಹೇಳಿ ಮುಗಿಸ್ತೀನಿ.

ಉತ್ತರ ಪತ್ರಿಕೆಯ ಪ್ರತಿ ತರಿಸ್ಕೊಂಡ. ವಿಟಿಯುನಲ್ಲಿ ಫೀಸ್ ಕಟ್ಟಿ ತರಿಸ್ಕೊಳ್ಳಬಹುದು. ರೀವ್ಯಾಲ್ಯುಯೇಷನ್‌ಗೆ ಹಾಕೋದು ಅವನ ಆಸೆ, ನಾನು ಮೊದಲು ಬಾ ಎಣಿಸೋಣ ಅಂದೆ. ಪ್ರಶ್ನೆಪತ್ರಿಕೆ ಒಂದು ಕಡೆ, ಉತ್ತರ ಇನ್ನೊಂದು ಕಡೆ, ನಡುವೆ ಒಂದು ಹಾಳೆ. ಬಲಗಡೆ ಕಾಲಂ ನೋಡಿ ಯಾವ ಸಿಒಗೆ ಎಷ್ಟು ಬಂತು ಅಂತ ಬರೆದೆವು. ಸಿಒ1ರಲ್ಲಿ 11, ಸಿಒ2ರಲ್ಲಿ 2, ಸಿಒ3ರಲ್ಲಿ 9, ಸಿಒ4ರಲ್ಲಿ 4, ಸಿಒ5 ಸೊನ್ನೆ. ಪ್ರತಿಯೊಂದೂ ಇಪ್ಪತ್ತಕ್ಕೆ. ಆಪ್ ಆಂಪ್ ಸಿಒ2. ಅದೇ ಸಿಒ2ಕ್ಕೆ ಬ್ಲೂ ಬುಕ್‌ನಲ್ಲಿ ಪೂರ್ತಿ ಮಾರ್ಕ್ಸ್ ಇತ್ತು. ಹತ್ತು ನಿಮಿಷದ ಕೆಲಸ. ರೀವ್ಯಾಲ್ಯುಯೇಷನ್ ಆಸೆ ಅವನೇ ಬಿಟ್ಟ.

ಆ ಹಾಳೆ ತಗೊಂಡು ಹೋಗಿ ಸರ್‌ಗೆ ತೋರಿಸು ಅಂದೆ. ಎರಡು ವಾರ ಹೋಗಲಿಲ್ಲ. "ನಂಗೆ ಭಯ ಆಗ್ತೈತಿ ಅಕ್ಕ" ಅಂದ. ಕೊನೆಗೆ ಇನ್ನಿಬ್ಬರು ಫೇಲಾದ ಹುಡುಗರ ಹಾಳೆಗಳನ್ನೂ ಮಾಡಿಸಿ ಮೂವರೂ ಒಟ್ಟಿಗೆ ಹೋದ್ರು. ಮೂವರಿಗೂ ಸಿಒ2ರಲ್ಲೇ ತೂತು. ಸರ್ ಮೊದಲು ಸಿಟ್ಟಾದ್ರಂತೆ, ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು ಅಂತ. ಆಮೇಲೆ ತಮ್ಮ ಫೈಲ್ ತೆಗೆದು ನೋಡಿದ್ರು. ಸಿಒ2ರ ಮುಂದೆ ಕೈಗೊಂಡ ಕ್ರಮ ಅನ್ನೋ ಜಾಗದಲ್ಲಿ ಟ್ಯುಟೋರಿಯಲ್ ಕ್ಲಾಸ್ ಅಂತ ಟೈಪ್ ಆಗಿತ್ತು. ನನ್ನ ತಮ್ಮ, ಅವನಿಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ, "ಆ ಕ್ಲಾಸ್ ಯಾವತ್ತು ಸರ್?" ಅಂತ ಕೇಳಿದ.

ಸರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲವಂತೆ. ಆಮೇಲೆ, "ಶನಿವಾರ ಹತ್ತು ಗಂಟೆಗೆ ಬನ್ನಿ" ಅಂದ್ರು.

ಶನಿವಾರ ಒಂಬತ್ತು ಜನ ಬಂದಿದ್ರು. ಅದರ ಮುಂದಿನ ಶನಿವಾರ ನಾಲ್ಕು. ಸರ್ ಎರಡೂ ದಿನ ಬಂದ್ರು, ಎರಡೂ ದಿನ ಬೋರ್ಡ್ ತುಂಬಾ ಸರ್ಕ್ಯೂಟ್ ಬರೆದ್ರು. ತಮ್ಮ ಬಾಕಿ ಪೇಪರ್ ಬರೆದಿದ್ದಾನೆ. ಆಪ್ ಆಂಪ್ ಬಂದಿತ್ತಂತೆ, ಎಲ್3. ಬರೆದೆ ಅಂತಾನೆ. ರಿಸಲ್ಟ್ ಬರಲಿ, ಮುಂದಿನ ಯಾವುದಾದರೂ ಕಂತಿನಲ್ಲಿ ಅಂಕಿ ಸಮೇತ ಹೇಳ್ತೀನಿ. ಚಿಕ್ಕಮ್ಮ ಈ ಸಲ ಒಟ್ಟು ಎಷ್ಟು ಅಂತ ಕೇಳಲ್ಲ, ಎರಡು ಅಂಕಿನೂ ಬೇರೆ ಬೇರೆ ಹೇಳು ಅಂದಿದ್ದಾರೆ.

ನಿಮ್ಮ ಸಿಐಇಗೂ ಎಸ್‌ಇಇಗೂ ಎಷ್ಟು ಅಂತರ ಅಂತ ಕಳಿಸಿ, ಹೆಸರು ಬೇಡ, ಕಾಲೇಜ್ ಬೇಡ, ಎರಡು ಅಂಕಿ ಸಾಕು. ಫ್ಯಾನ್ ಹಾಕ್ತೀನಿ ಈಗ.